ಏಳು ಮೊಳ, ಎರಡು ಮೊಳ

ಬೋ ಚಿಟ್ ಲ್ವಿನ್ 'ಖಯೇ' ಲಾಂಚು ಹತ್ತಿದ ಮೊದಲನೆಯ ದಿನವೇ ಚುಕ್ಕಾಣಿ ಕೋಣೆಯ ಗೋಡೆಗೆ ಒಂದು ರಟ್ಟು ಹೊಡೆಸಿದ. ರಟ್ಟಿನ ಮೇಲೆ ಒಂದರಿಂದ ಹತ್ತರವರೆಗೆ ಬರ್ಮೀ ಅಂಕಿಗಳು, ಪ್ರತಿ ಅಂಕಿಯ ಪಕ್ಕ 'ತೌಂಗ್'. ತೌಂಗ್ ಅಂದರೆ ಮೊಳ.

"ಇವತ್ತಿಂದ ನೀರಿನ ಆಳ ಕೂಗೋದು ನಮ್ಮ ಭಾಷೇಲಿ, ನಮ್ಮ ಮೊಳದಲ್ಲಿ," ಅಂದ. ಬೋ ಅನ್ನುವುದು ಅಧಿಕಾರಿಯ ಪಟ್ಟ. ಅವನಿಗೆ ವಯಸ್ಸು ಇಪ್ಪತ್ತಾರು, ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. "ಬಿಳಿಯರು ಹೋಗಿ ವರ್ಷ ದಾಟ್ತು. ನಮ್ಮ ನೌಕಾಪಡೆ ಲಾಂಚಲ್ಲಿ ಇನ್ನೂ ಹಿಂದೂಸ್ತಾನೀಲಿ 'ಏಕ್ ಬಾಮ್ ಮಿಲಾ ನಹೀ' ಅಂತ ಆಳದ ರಾಗ ಎಳೀತಾ ಇದ್ರೆ ದಡದಲ್ಲಿರೋ ಎಮ್ಮೆ ಕೂಡ ನಗುತ್ತೆ. ರಾಗ ಬೇಡ. ಸಿಪಾಯಿ ಥರ ಹೇಳಿ, ಮುಗಿಸಿ. ಗೊತ್ತಾಯ್ತಾ?"

ಲಾಂಚಿನ ಮೂತಿಯಲ್ಲಿ ನಿಂತು ಬಿದಿರ ಗಳ ಊರಿ ಆಳ ನೋಡುವ ಅಬ್ದುಲ್ ಬಾರಿ ತಲೆಯಾಡಿಸಿದ. ಫಿರಂಗಿ ಹೊಡೆಯುವ ಅಯೇ ಟುನ್ ನಕ್ಕ. ಚುಕ್ಕಾಣಿ ಹಿಡಿಯುವ ಉ ಫೋ ಲೋನ್ ಮಾತ್ರ ನಗಲೂ ಇಲ್ಲ, ತಲೆಯಾಡಿಸಲೂ ಇಲ್ಲ. ಬೋ ಹೇಳಿದ್ದರಲ್ಲಿ ಅರ್ಧ ಅವನಿಗೆ ಕೇಳಿಸಿರಲಿಲ್ಲ.

ಉ ಅನ್ನುವುದು ಹಿರಿಯರಿಗೆ ಕೊಡುವ ಮರ್ಯಾದೆ, ಫೋ ಲೋನ್ ಅಂದರೆ ಗುಂಡಣ್ಣ ಅಂದ ಹಾಗೆ. ಹುಟ್ಟಿದಾಗ ದುಂಡಗಿದ್ದನೆಂದು ತಾಯಿ ಇಟ್ಟ ಹೆಸರು. ಐವತ್ತನಾಲ್ಕನೆಯ ವರ್ಷಕ್ಕೆ ಅವನು ಬಾರಿಯ ಗಳಕ್ಕಿಂತ ಸ್ವಲ್ಪ ದಪ್ಪ, ಅಷ್ಟೆ. ಮೂವತ್ತು ವರ್ಷ ಐರಾವತಿಯ ಕವಲುಗಳಲ್ಲಿ ಉಗಿದೋಣಿ ನಡೆಸಿದವನು. ನೀರಿನ ಮೈಮೇಲಿನ ಸುಕ್ಕು ನೋಡಿ ಕೆಳಗೆ ಮರಳಿದೆಯೋ ಕೆಸರಿದೆಯೋ ಹೇಳುತ್ತಿದ್ದ. ಈ ಕವಲುಗಳಲ್ಲಿ ತನಗಿಂತ ಚೆನ್ನಾಗಿ ಲಾಂಚು ನಡೆಸುವವನು ಇನ್ನೊಬ್ಬನಿದ್ದಾನೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅದು ಜಂಬವಲ್ಲ. ಕೇಳಿದವರಿಗೆ ಬೇರೆಯವರೂ ಅದನ್ನೇ ಹೇಳುತ್ತಿದ್ದರು.

ಆಗ ನೌಕಾಪಡೆ ಅಂದರೆ ಇದ್ದದ್ದು ಅಷ್ಟರಲ್ಲೇ. ಬಿಳಿಯರು ಬಿಟ್ಟುಹೋದ ಒಂದು ದೊಡ್ಡ ಹಡಗು, ಒಂದಷ್ಟು ಮರದ ಲಾಂಚು, ಸರಕಿನ ದೋಣಿಗೆ ತಗಡು ಬಡಿದು ಫಿರಂಗಿ ಕೂರಿಸಿದವು ಇನ್ನೊಂದಷ್ಟು. ದೇಶ ಮಾತ್ರ ನಾಲ್ಕೂ ದಿಕ್ಕಿಗೆ ಹೊತ್ತಿಕೊಂಡಿತ್ತು. ಬಂಡಾಯದವರು ಒಂದೇ ಬಣ್ಣದವರಲ್ಲ. ಯಾವ ಊರು ಯಾರ ಕೈಲಿದೆ ಅನ್ನುವುದು ವಾರಕ್ಕೊಂದು ಸಲ ಬದಲಾಗುತ್ತಿತ್ತು. ರೈಲು ಹಳಿ ಕಿತ್ತಿದ್ದರು, ರಸ್ತೆ ಅಗೆದಿದ್ದರು. ನದಿಯನ್ನು ಕೀಳಲಿಕ್ಕೂ ಅಗೆಯಲಿಕ್ಕೂ ಯಾರಿಗೂ ಆಗಿರಲಿಲ್ಲ. ಹಾಗಾಗಿ ಸರಕಾರ ಉಸಿರಾಡುತ್ತಿದ್ದದ್ದು ಈ ಲಾಂಚುಗಳ ಮೂಗಿನಲ್ಲಿ.

ಫೆಬ್ರವರಿಯಲ್ಲಿ 'ಖಯೇ' ರಂಗೂನಿನ ಹತ್ತಿರ ಎರಡು ಹಗಲು ಬಿಡದೆ ಫಿರಂಗಿ ಹೊಡೆದಿತ್ತು. ಆ ಎರಡು ದಿನದಲ್ಲಿ ಫೋ ಲೋನನ ಎಡಗಿವಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಬಲಗಿವಿಗೆ ಲೋಕವೆಲ್ಲ ಮಡಕೆಯೊಳಗಿಂದ ಮಾತಾಡಿದ ಹಾಗೆ ಕೇಳತೊಡಗಿತು. ಅವನು ಯಾರಿಗೂ ಹೇಳಲಿಲ್ಲ. ಅದೇ ತಿಂಗಳು ಯಂತ್ರ ನೋಡಿಕೊಳ್ಳುತ್ತಿದ್ದ ಸೋ ಪೋ ಮ್ವೇಯನ್ನು ಬಂಡಾಯವೆದ್ದಿದ್ದ ಕರೆನ್ ಜನದವನೆಂದು ರಜೆ ಕೊಟ್ಟು ಕಳಿಸಿದ್ದರು. ಅವನು ಕೇಳಿರದ ರಜೆ. ಅವನ ಚಹಾದ ಲೋಟ ಯಂತ್ರದ ಕೋಣೆಯ ಮೊಳೆಯಲ್ಲಿ ಈಗಲೂ ತೂಗುತ್ತಿತ್ತು. ಲಾಂಚಿನಿಂದ ಒಬ್ಬನನ್ನು ಇಳಿಸಲು ಒಂದು ಕಾಗದ ಸಾಕು ಅನ್ನುವುದನ್ನು ಫೋ ಲೋನ್ ಅವತ್ತು ಕಣ್ಣಾರೆ ನೋಡಿದ್ದ. ಕಿವಿಯ ವಿಷಯ ಹೊರಬಿದ್ದರೆ ಚುಕ್ಕಾಣಿ ಹೋಗುತ್ತದೆ. ಚುಕ್ಕಾಣಿ ಬಿಟ್ಟು ಬೇರೆ ಕೆಲಸಕ್ಕೆ ಅವನ ಕೈ ಒಗ್ಗಿರಲೇ ಇಲ್ಲ.

ಇಷ್ಟು ದಿನ ಅವನನ್ನು ಕಾಪಾಡಿದ್ದು ಬಾರಿಯ ರಾಗ. ಬಾರಿ ಚಿತ್ತಗಾಂಗಿನವನು, ಅವನ ಅಪ್ಪನೂ ಅಜ್ಜನೂ ಇದೇ ನದಿಯಲ್ಲಿ ಗಳ ಹಿಡಿದವರು. ನೀರು ಆಳವಿದ್ದರೆ ಅವನ ಕೂಗು ಊಟ ಮಾಡಿದವನ ಆಕಳಿಕೆಯ ಹಾಗೆ ತಗ್ಗಿನಲ್ಲಿ ಉದ್ದಕ್ಕೆ ಎಳೆಯುತ್ತಿತ್ತು. ಆಳ ಕಡಿಮೆಯಾದಂತೆ ಸ್ವರ ಮೆಟ್ಟಿಲು ಹತ್ತುತ್ತಿತ್ತು, ಮೋಟಾಗುತ್ತಿತ್ತು. ತಳ ತಗುಲುವ ಹೊತ್ತಿಗೆ ಅಟ್ಟಿಸಿಕೊಂಡ ಕೋಳಿಯ ಹಾಗೆ. ಮಾತು ಕಿವಿಗೆ ಬರದಿದ್ದರೂ ರಾಗ ಫೋ ಲೋನನ ಮೂಳೆಗೆ ಬರುತ್ತಿತ್ತು.

ಈಗ ರಾಗ ಬೇಡವಂತೆ.

---

ಏಪ್ರಿಲ್ ನಡುವಿನಲ್ಲಿ, ಥಿಂಗ್ಯಾನ್ ನೀರಹಬ್ಬಕ್ಕೆ ಎರಡು ದಿನ ಇರುವಾಗ, ಕಜಿನ್‌ಗೋನ್ ಊರಿಗೆ ಹೋಗಲು ಅಪ್ಪಣೆ ಬಂತು. ಐದು ವಾರದಿಂದ ಬಂಡಾಯದವರು ಸುತ್ತುಗಟ್ಟಿದ್ದ ಊರು. ಒಳಗೆ ಇನ್ನೂರು ಸಿಪಾಯಿಗಳು, ಒಂದು ಆಸ್ಪತ್ರೆ, ಊರವರು. ಅಕ್ಕಿ ಗಂಜಿಗಿಳಿದಿದೆ, ಗುಂಡು ಇನ್ನು ನಾಲ್ಕು ದಿನಕ್ಕಾದರೆ ಹೆಚ್ಚು ಎಂದು ತಂತಿ ಬಂದಿತ್ತು. 'ಖಯೇ' ಹೊಟ್ಟೆ ತುಂಬ ಅಕ್ಕಿಮೂಟೆ, ಗುಂಡಿನ ಪೆಟ್ಟಿಗೆ ಹೊತ್ತು ಹೊರಟಿತು.

ಹೊರಡುವ ಮುಂಚೆ ಫೋ ಲೋನ್ ಮೂತಿಯಲ್ಲಿ ಒಂದು ಗೊನೆ ಬಾಳೆಹಣ್ಣು, ಒಂದು ತೆಂಗಿನಕಾಯಿ ಇಟ್ಟು ಉ ಶಿಂಜೀಗೆ ಕೈಮುಗಿದ. ಕೆಳನಾಡಿನ ನೀರೆಲ್ಲ ಆ ದೈವದ್ದು. ಅವನ ಕೈಯಲ್ಲಿ ಯಾವಾಗಲೂ ಒಂದು ತಂತಿವಾದ್ಯ. 'ನಿನಗಾದರೂ ರಾಗ ಬೇಕು, ಅಲ್ಲವಾ?' ಅಂದುಕೊಂಡ.

ದಾರಿಯಲ್ಲಿ ಕಷ್ಟದ ಜಾಗ ಎರಡು. ಮೊದಲನೆಯದು ಆಮೆಬೆನ್ನು ಅನ್ನುವ ಮರಳದಿಬ್ಬ. ಎರಡನೆಯದು ಮೊಣಕೈ ಅನ್ನುವ ತಿರುವು, ಅಲ್ಲಿ ಎಡದಂಡೆ ಬಂಡಾಯದವರದ್ದು. ಆಮೆಬೆನ್ನಿಗೆ ಬಂದಾಗ ಬೆಳಗ್ಗೆ ಎಂಟು ಗಂಟೆ. ಇಳಿತ ಅರ್ಧ ಮುಗಿದಿತ್ತು. ಗಾಳಿ ಹಿಂದಿನಿಂದ ಬೀಸುತ್ತಿತ್ತು.

ಬಾರಿ ಗಳ ಊರಿದ, ಎತ್ತಿದ, ರಟ್ಟಿನಲ್ಲಿದ್ದಂತೆ ಸಿಪಾಯಿಯ ಗಂಟಲಲ್ಲಿ ಕೂಗಿದ: "ಖುನ್ನ ತೌಂಗ್!" ಅಂದರೆ ಏಳು ಮೊಳ. ಲಾಂಚಿಗೆ ಬೇಕಾದದ್ದು ಮೂರೂವರೆ. ದಾರಿ ಸಲೀಸು.

ಗಾಳಿ ಮೊದಲ ಅಕ್ಷರವನ್ನು ನುಂಗಿತು. ಫೋ ಲೋನನ ಬಲಗಿವಿಗೆ ಬಂದದ್ದು "ಹ್ನ ತೌಂಗ್". ಎರಡು ಮೊಳ!

ಅವನು ಯೋಚಿಸಲೇ ಇಲ್ಲ. ಮೂವತ್ತು ವರ್ಷದ ಕೈ ತಾನಾಗಿ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಿತು. 'ಖಯೇ' ಒಳ್ಳೆಯ ನೀರನ್ನು ಬಿಟ್ಟು ಆಮೆಬೆನ್ನಿನ ಮೇಲೆ ಹೋಗಿ, ಚಾಪೆಯ ಮೇಲೆ ಎಮ್ಮೆ ಕೂತ ಹಾಗೆ ಕೂತುಬಿಟ್ಟಿತು.

ಅಡುಗೆಕೋಣೆಯಿಂದ ಮೀನಿನ ಸಾರಿನ ಪಾತ್ರೆ ಉರುಳಿದ ಸದ್ದು, ಅಡುಗೆಯವನ ಬೈಗುಳ. ಬೋ ಓಡಿಬಂದ.

"ಏನ್ರೀ ಇದು! ಉ ಫೋ ಲೋನ್, ಎಷ್ಟು ಅಂತ ಕೂಗಿದ ಅವನು?"

"ಎರಡು ಅಂದ."

"ನಾನಾ?" ಬಾರಿ ಗಳ ಹಿಡಿದು ನಿಂತೇ ಇದ್ದ. "ಏಳು ಅಂದೆ, ಬೋ. ಗಳ ನೋಡಿ, ಇನ್ನೂ ಒದ್ದೆ ಇದೆ. ಏಳನೇ ಗೆರೆ."

ಬೋ ಗಳ ನೋಡಿದ. ಒದ್ದೆ ಏಳನೆಯ ಗೆರೆಯವರೆಗಿತ್ತು. "ಅಂದ್ರೆ ಏಳು ಅಳೆದು ಎರಡು ಅಂತ ಕೂಗಿದೀಯ. ನಮ್ಮ ಅಂಕಿ ನಿನ್ನ ನಾಲಿಗೆಗೆ ಹೊರಳಲ್ಲ, ಅಲ್ವಾ?"

"ನನ್ನ ಹೆಂಡತಿ ಪ್ಯಾಪೋನಿನವಳು, ಬೋ. ಇಪ್ಪತ್ತು ವರ್ಷದಿಂದ ಇದೇ ಭಾಷೇಲಿ ಬೈಸ್ಕೋತಾ ಇದೀನಿ. ಏಳಕ್ಕೂ ಎರಡಕ್ಕೂ ವ್ಯತ್ಯಾಸ ಗೊತ್ತು."

ಯಾರೋ ಕಿಸಕ್ಕೆಂದರು. ಬೋ ನಗಲಿಲ್ಲ. "ಉಬ್ಬರ ಬರೋತನಕ ಇಲ್ಲೇ ಬಿದ್ದಿರಬೇಕು. ಆರು ಗಂಟೆ ಹಾಳು. ಮುಂದಿನ ತಿರುವಲ್ಲಿ ಗಳ ಅಯೇ ಟುನ್ ಹಿಡೀತಾನೆ. ಬಾರಿ, ನಿನ್ನನ್ನ ಕಜಿನ್‌ಗೋನಲ್ಲಿ ಇಳಿಸ್ತೀನಿ."

ಸುತ್ತುಗಟ್ಟಿದ ಊರಿನಲ್ಲಿ ಇಳಿಸುವುದು ಅಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಬಾರಿ ಗಳವನ್ನು ಕೆಳಗಿಟ್ಟ. ಒಂದೇ ಒಂದು ಸಲ ಚುಕ್ಕಾಣಿ ಕೋಣೆಯ ಕಡೆ ನೋಡಿದ. ಫೋ ಲೋನ್ ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸುತ್ತ, "ಬೆಳಗ್ಗೆ ದಡದ ಹುಡುಗಿಯರು ಥಿಂಗ್ಯಾನಿಗೆ ಮುಂಚೇನೇ ನೀರೆರಚಿದ್ರಲ್ಲ, ಕಿವಿಗೆ ಹೋಗಿದೆ," ಅಂದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

---

ನೀರು ಇಳಿದು ಮರಳು ಮೇಲೆದ್ದಿತು. ಲಾಂಚು ಒಂದು ಪಕ್ಕಕ್ಕೆ ವಾಲಿಕೊಂಡಿತು. ಎಲ್ಲರೂ ವಾಲಿದ ತಟ್ಟೆಗಳಲ್ಲೇ ಅನ್ನ, ಙಪಿ ಎಂಬ ಮೀನಿನ ಚಟ್ನಿ ಉಂಡರು. ಫೋ ಲೋನ್ ಗುಂಪಿನಿಂದ ಎದ್ದ. ತಟ್ಟೆ ಹಿಡಿದುಕೊಂಡು ಮೂತಿಗೆ ಹೋಗಿ ಬಾರಿಯ ಪಕ್ಕ ಕೂತ. ಬಾರಿ ಎದ್ದು ಜಾಗ ಬದಲಾಯಿಸಿ ಅವನ ಬಲಗಡೆ ಬಂದು ಕೂತ.

ಫೋ ಲೋನ್ ಅವನನ್ನು ದಿಟ್ಟಿಸಿದ. "ಯಾವಾಗಿಂದ ಗೊತ್ತು ನಿಂಗೆ?"

"ಫೆಬ್ರವರಿಯಿಂದ, ಅಕೋ." ಅಕೋ ಅಂದರೆ ಅಣ್ಣ. "ಎಡಗಡೆಯಿಂದ ಕರೆದ್ರೆ ನೀನು ಬಲಗಡೆ ನೋಡ್ತೀಯ. ಅವತ್ತಿಂದ ನಾನು ಎರಡು ಸ್ವರ ಮೇಲೆ ಹಾಡ್ತಾ ಇದೀನಿ. ಗಂಟಲು ಕಿತ್ತುಹೋಗಿದೆ."

"ಹೇಳಬೇಕಿತ್ತು ಕಣೋ."

"ಯಾರಿಗೆ? ನಿಂಗಾ? ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

ಫೋ ಲೋನ್ ನಗು ತಡೆಯಲಾರದೆ ಅನ್ನ ಉಗುಳಿದ. ಆಮೇಲೆ ನಗು ನಿಂತಿತು. "ಅವರು ನಿನ್ನ ಇಳಿಸ್ತಾರೆ, ಬಾರಿ."

"ಇಳಿಸಲಿ. ಗಳ ಹಿಡಿಯೋನು ಯಾವ ದೋಣೀಲಾದ್ರೂ ಗಳ ಹಿಡೀತಾನೆ. ಕಿವುಡ ಅಂತ ಹೆಸರು ಬಿದ್ದ ಮೇಲೆ ಚುಕ್ಕಾಣಿ ಯಾರು ಕೊಡ್ತಾರೆ ನಿಂಗೆ? ಮನೇಲಿ ನಿಂಗೆ ಮೂರು ಹೆಣ್ಣುಮಕ್ಕಳಿದಾರೆ. ಬಾಯಿ ಮುಚ್ಕೊಂಡಿರು."

ಫೋ ಲೋನ್ ತಟ್ಟೆ ತೊಳೆದ. ಬೀಡಿಗಿಂತ ನಾಲ್ಕು ಪಟ್ಟು ದಪ್ಪದ ಚುಟ್ಟಾ ಹಚ್ಚಿದ. ಅದು ಅರ್ಧ ಉರಿಯುವ ಹೊತ್ತಿಗೆ ಅವನಿಗೆ ಒಂದು ಸಂಗತಿ ಖಚಿತವಾಯಿತು. ಮೊಣಕೈ ತಿರುವಿನಲ್ಲಿ ಅಯೇ ಟುನ್ ಗಳ ಹಿಡಿದು ರಟ್ಟಿನ ಮಾತು ಕೂಗಿದರೆ ಏಳು ಮತ್ತೆ ಎರಡಾಗುತ್ತದೆ, ಎರಡು ಏಳಾಗುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಉಬ್ಬರ ಬರುವವರೆಗೆ ಬಂಡಾಯದವರು ಕಾಯುವುದಿಲ್ಲ. ಅಕ್ಕಿಯೂ ಹೋಗುತ್ತದೆ, ಗುಂಡೂ ಹೋಗುತ್ತದೆ, ಹದಿನಾಲ್ಕು ಜನರೂ ಹೋಗುತ್ತಾರೆ. ಚುಕ್ಕಾಣಿ ಉಳಿಸಿಕೊಳ್ಳಲು ಲಾಂಚನ್ನೇ ಕಳೆಯುವುದಾದರೆ ಆ ಚುಕ್ಕಾಣಿ ಇಟ್ಟುಕೊಂಡು ಮಾಡುವುದೇನು?

ಎದ್ದು ಬೋನ ಮುಂದೆ ಹೋಗಿ ನಿಂತ.

"ಬೋ, ಬಾರಿ ಏಳು ಅಂತಲೇ ಕೂಗಿದ್ದು. ನಂಗೆ ಎರಡು ಅಂತ ಕೇಳಿಸ್ತು. ನನ್ನ ಎಡಗಿವಿ ಸತ್ತಿದೆ. ಬಲಗಿವಿ ಸಾಯ್ತಾ ಇದೆ."

ಬೋ ಕೆಂಪಗಾದ. "ಕಿವುಡ ಚುಕ್ಕಾಣಿ ಹಿಡಿದಿದಾನೆ, ನಂಗೆ ಗೊತ್ತೇ ಇಲ್ಲ! ಕಜಿನ್‌ಗೋನ್ ಜನ ಗಂಜಿ ಕುಡೀತಾ ಕೂತಿದಾರೆ ಅಲ್ಲಿ! ಇನ್ನು ತಿರುವಲ್ಲಿ ಯಾರ್ರೀ ನಡಸೋದು ಇದನ್ನ?"

"ನಾನೇ."

"ಏನು?"

"ನಾನೇ ಅಂದೆ. ಈಗ ಕೇಳಿಸದೇ ಇರೋದು ನಿಮಗೆ." ಫೋ ಲೋನನ ದನಿಯಲ್ಲಿ ಅಳುಕಿರಲಿಲ್ಲ. "ಮೊಣಕೈಯಲ್ಲಿ ಮರಳು ತಿಂಗಳಿಗೊಂದು ಜಾಗ ಬದಲಾಯಿಸುತ್ತೆ. ನೀವು ಆ ತಿರುವು ನೋಡಿಲ್ಲ. ಅಯೇ ಟುನ್ ನೋಡಿಲ್ಲ. ನಾನು ಸಾವಿರ ಸಲ ದಾಟಿದೀನಿ. ನಂಗೆ ಮಾತು ಕೇಳಿಸಲ್ಲ, ಬಾರಿ ರಾಗ ಕೇಳಿಸುತ್ತೆ. ಅವನಿಗೆ ಹಾಡೋಕೆ ಬಿಡಿ, ನಾನು ದಾಟಿಸ್ತೀನಿ. ಊರು ಮುಟ್ಟಿದ ಮೇಲೆ ಏನು ಬೇಕೋ ಅದನ್ನ ಬರೀರಿ."

"ರಾಗ ಕೇಳಿಸುತ್ತೆ, ಮಾತು ಕೇಳಿಸಲ್ಲ. ಇದನ್ನ ನಾನು ನಂಬಬೇಕಾ?"

"ನಂಬಬೇಡಿ. ಪರೀಕ್ಷೆ ಮಾಡಿ."

ಬೋ ಮಾಡಿದ. ಎರಡೂ ಯಂತ್ರ ಜೋರಾಗಿ ಓಡಿಸಿದರು. ಫೋ ಲೋನ್ ಚುಕ್ಕಾಣಿ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತ. ಬೋ ಮೂತಿಗೆ ಹೋಗಿ ಬಾರಿಗೆ ಬೆರಳಲ್ಲಿ ಅಂಕಿ ತೋರಿಸಿದ. ಬಾರಿ ಮಾತೇ ಇಲ್ಲದೆ ಬರೀ ಆ, ಓ ಎಂದು ಆ ಆಳದ ರಾಗ ಎಳೆದ. ಫೋ ಲೋನ್ ಬೆನ್ನ ಹಿಂದೆ ಬೆರಳೆತ್ತಿದ. ಐದು. ಸರಿ. ಮೂರು. ಸರಿ. ಒಂಬತ್ತು. ಹತ್ತು ಸಲ ಕೇಳಿದರೆ ಹತ್ತೂ ಸರಿ. ಅಡುಗೆಯವನು ಸೌಟಿನಿಂದ ಪಾತ್ರೆ ಬಡಿದು ಸಂಭ್ರಮಿಸಿದ.

"ಈಗ ನೀವು ಬನ್ನಿ, ಬೋ," ಅಂದ ಫೋ ಲೋನ್. "ನಿಮ್ಮ ಕಿವಿ ಎಳೇದು. ನಿಮ್ಮ ರಟ್ಟಿನ ಮಾತನ್ನೇ ಕೂಗ್ತಾನೆ. ಕೇಳಿಸ್ಕೊಳಿ."

ಬೋ ಬೆನ್ನು ತಿರುಗಿಸಿ ನಿಂತ. ಮೂತಿಯಿಂದ ಬಾರಿ ಸಿಪಾಯಿಯ ಗಂಟಲಲ್ಲಿ ಕೂಗಿದ.

"ನಾಲ್ಕು," ಅಂದ ಬೋ. ಸರಿ. "ಎಂಟು." ಸರಿ. "ಎರಡು."

"ಅದು ಏಳು," ಅಂದ ಅಯೇ ಟುನ್.

"ಎರಡು!"

"ಏಳೇ, ಬೋ. ನಾನು ಅವನ ಪಕ್ಕಾನೇ ನಿಂತಿದ್ದೆ."

ಬೋ ಮತ್ತೊಮ್ಮೆ ಕೇಳಿಸಿಕೊಂಡ. ಮತ್ತೊಮ್ಮೆ ತಪ್ಪಿದ. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ ಏಳರ ಬಾಲದಲ್ಲಿ ಎರಡು ಕೂತಿದೆ ಅನ್ನುವುದು ಅವನಿಗೆ ಇವತ್ತು ಮೊದಲ ಸಲ ಕೇಳಿಸಿತು.

"ನನ್ನ ಹೆಂಡತಿ ಮೀನು ಮಾರುವಾಗ ಏಳು ಅಂದ್ರೆ ಬೆರಳೂ ತೋರಿಸ್ತಾಳೆ," ಎಂದು ಬಾರಿ ಮೂತಿಯಿಂದಲೇ ಕೂಗಿ ಹೇಳಿದ. "ನಾನು ಗಳ ಬಿಟ್ಟು ಬೆರಳು ತೋರಿಸೋಕಾಗುತ್ತಾ?"

ಬೋ ರಟ್ಟನ್ನು ದಿಟ್ಟಿಸುತ್ತ ನಿಂತ. ಕಿತ್ತುಹಾಕುತ್ತಾನೆ ಎಂದು ಎಲ್ಲರೂ ಕಾದರು. ಅವನು ಕೀಳಲಿಲ್ಲ. ಹಟ ಬಿಡುವವನೂ ಅಲ್ಲ, ಹಟಕ್ಕೆ ಲಾಂಚು ಮುಳುಗಿಸುವವನೂ ಅಲ್ಲ. "ಮಾತು ನಮ್ಮದೇ ಇರಲಿ," ಅಂದ ಕೊನೆಗೆ. "ರಾಗ ಅವನದು ಹಾಕಿ. ಬಾರಿ, ಆಗುತ್ತಾ?"

"ಬಾಮ್ ಅಂದ್ರೆ ಮಾರು. ಮಾರಿಗೆ ನಾಲ್ಕು ಮೊಳ. ಅಷ್ಟು ಲೆಕ್ಕ ನಮ್ಮಜ್ಜನಿಗೂ ಬರ್ತಿತ್ತು, ಬೋ."

---

ಉಬ್ಬರ 'ಖಯೇ'ಯನ್ನು ಮೆಲ್ಲಗೆ ಎತ್ತಿ ನೀರಿಗೆ ಬಿಟ್ಟಿತು. ಮೊಣಕೈ ತಿರುವಿಗೆ ಬಂದಾಗ ಸಂಜೆಯ ನಾಲ್ಕು ಗಂಟೆ, ಬಿಸಿಲು ಎದುರಿಗೆ.

ಬಾರಿ ಹಾಡಲು ಶುರುಮಾಡಿದ. ಬರ್ಮೀ ಮಾತಿಗೆ ಚಿತ್ತಗಾಂಗಿನ ರಾಗ ಮೊದಮೊದಲು ಸಾಲದ ಲುಂಗಿಯ ಹಾಗೆ ಕೂತಿತು. ನಾಲ್ಕು ಗಳ ಊರುವಷ್ಟರಲ್ಲಿ ಹೊಂದಿಕೊಂಡಿತು. "ಖುನ್ನ ತೌ... ಂಗ್" ಎಂದು ಏಳು ತಗ್ಗಿನಲ್ಲಿ ಉದ್ದಕ್ಕೆ ಮಲಗಿತು. ಆರು ಅದರ ಮೇಲೆ. ಐದು ಇನ್ನೂ ಮೇಲೆ. ಫೋ ಲೋನನ ಕೈಯಲ್ಲಿ ಚುಕ್ಕಾಣಿ ರಾಗದ ಜೊತೆ ಹೊರಳುತ್ತಿತ್ತು. ನೀರಿನ ಸುಕ್ಕು ಕಣ್ಣಿಗೆ, ಸ್ವರ ಮೂಳೆಗೆ. ಇನ್ನೇನು ಬೇಕು?

ತಿರುವಿನ ನಡುವೆ ಎಡದಂಡೆಯಿಂದ ಗುಂಡು ಹಾರಿತು. ಚುಕ್ಕಾಣಿ ಕೋಣೆಯ ಒಂದು ಗಾಜು ಪುಡಿಯಾಯಿತು. ಅಯೇ ಟುನ್ ಫಿರಂಗಿ ತಿರುಗಿಸಿ ಹೊಡೆದ. ಒಂದು, ಎರಡು, ಮೂರು.

ನಾಲ್ಕನೆಯ ಹೊಡೆತಕ್ಕೆ ಫೋ ಲೋನನ ಬಲಗಿವಿಯೂ ಮುಚ್ಚಿತು.

ಎಲ್ಲ ನಿಂತುಹೋಯಿತು. ಯಂತ್ರದ ನಡುಕ ಪಾದದಲ್ಲಿತ್ತು, ಸದ್ದಿರಲಿಲ್ಲ. ಮೂತಿಯಲ್ಲಿ ಬಾರಿ ಬಗ್ಗಿ ಏಳುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಎದುರು ಬಿಸಿಲಿಗೆ ನೀರೆಲ್ಲ ಕನ್ನಡಿ, ಸುಕ್ಕು ಓದಲಾಗುತ್ತಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಕೈ ಯಾವ ಕಡೆಗೆಂದು ತಿಳಿಯದೆ ನಿಂತಿತು.

"ಬೋ!" ಎಂದು ಕಿರುಚಿದ. "ನಂಗೆ ಕೇಳಿಸ್ತಿಲ್ಲ! ಅವನು ಹಾಡೋದನ್ನ ನನ್ನ ಬಲಗಿವೀಲಿ ಹಾಡಿ! ಬಾಯಿ ಇಟ್ಟು ಹಾಡಿ!"

ಬೋ ಫೋ ಲೋನನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲಗಿವಿಗೆ ಬಾಯಿಟ್ಟು, ಕವಾಯತಿನಲ್ಲಿ ರಾಷ್ಟ್ರಗೀತೆ ಬಿಟ್ಟರೆ ಇನ್ನೇನೂ ಹಾಡಿರದ ಗಂಟಲಿನಲ್ಲಿ, ಬಾರಿಯ ಸ್ವರ ಹಿಡಿಯಲು ನೋಡಿದ. ಬಿಸಿಯುಸಿರಿನ ಜೊತೆ ಒಂದು ನಡುಕ ಮೂಳೆಯೊಳಗೆ ಬಂತು. ಸ್ವರ ಏರಿತೋ ಇಳಿಯಿತೋ?

"ಸರಿಯಾಗಿ ಹಾಡಿ, ಬೋ! ಅದು ನಾಲ್ಕಾ ಐದಾ? ಹೀಗೆ ಅಪಸ್ವರ ಹಾಡಿದ್ರೆ ಮರಳು ಹತ್ತೀವಿ!"

ಬೋ ಉಸಿರೆಳೆದು ಮತ್ತೆ ಹಾಡಿದ. ಈ ಸಲ ಕೋಳಿ ಅಟ್ಟಿಸಿಕೊಂಡಂತೆ ಮೇಲಕ್ಕೆ. ನಾಲ್ಕು! ಫೋ ಲೋನ್ ಎಡಕ್ಕೆ ಹೊರಳಿಸಿದ, ಗುಂಡು ಬರುತ್ತಿದ್ದ ದಂಡೆಯ ಕಡೆಗೇ, ಆಳ ಅಲ್ಲಿತ್ತು. ಸ್ವರ ಇಳಿಯಿತು. ಐದು. ಇನ್ನೂ ಇಳಿಯಿತು. ಮೂತಿಯಲ್ಲಿ ಬಾರಿ ತಲೆ ಮೇಲೆ ಗುಂಡು ಹಾರುತ್ತಿದ್ದರೂ ಗಳ ಬಿಟ್ಟಿರಲಿಲ್ಲ. ಕೊನೆಗೆ ಬೋನ ಗಂಟಲು ಒಂದು ಉದ್ದನೆಯ, ತಗ್ಗಿನ, ಸ್ವಲ್ಪ ಅಡ್ಡಾದಿಡ್ಡಿಯಾದ ಆಕಳಿಕೆಯಲ್ಲಿ ಬಂದು ನಿಂತಿತು.

ಏಳು ಮೊಳ. ತಿರುವು ದಾಟಿತ್ತು.

---

ಕಜಿನ್‌ಗೋನಿನ ಕಟ್ಟೆಯಲ್ಲಿ ಊರೇ ನೆರೆದಿತ್ತು. ಅಕ್ಕಿಮೂಟೆ ಇಳಿಯುವುದಕ್ಕೂ ಮೊದಲೇ ಆಸ್ಪತ್ರೆಯ ದಾದಿಯೊಬ್ಬಳು ಬಟ್ಟಲು ತುಂಬ ನೀರು ತಂದು ಫೋ ಲೋನನ ತಲೆಗೆ ಸುರಿದಳು. ಈ ಊರಿಗೂ ಹಬ್ಬ ಎರಡು ದಿನ ಮುಂಚೆಯೇ ಶುರುವಾದಂತಾಯಿತು. ಅವನು ತಲೆ ಕೊಡವಿ, "ಈ ಸಲ ನಿಜವಾಗ್ಲೂ ಕಿವಿಗೆ ನೀರು ಹೋಯ್ತು," ಅಂದ.

ಮಾರನೆಯ ದಿನದ ಹೊತ್ತಿಗೆ ಬಲಗಿವಿ ಮತ್ತೆ ಮಡಕೆಯಷ್ಟು ತೆರೆಯಿತು. ಬೋ ಅವನನ್ನು ಕರೆದು ಕೂರಿಸಿ, ತಾನು ಅವನ ಬಲಗಡೆ ಕೂತ.

"ನಾನು ಸುಳ್ಳು ಬರಿಯೋಕಾಗಲ್ಲ, ಉ ಫೋ ಲೋನ್. ನಿಮ್ಮ ಕಿವಿ ವಿಷಯ ತಂತಿ ಕೊಡ್ತೀನಿ."

"ಕೊಡಿ. ಬಾರಿ ಮೇಲೆ ತಪ್ಪಿಲ್ಲ ಅಂತಾನೂ ಕೊಡಿ. ಮೊಣಕೈ ದಾಟಿಸಿದ್ದು ಯಾರು ಅನ್ನೋದನ್ನೂ."

"ಅದೂ ಬರೆದಿದೀನಿ."

ರಂಗೂನಿನಿಂದ ಉತ್ತರ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಫೋ ಲೋನ್ ಚುಕ್ಕಾಣಿಯ ಹಿತ್ತಾಳೆಯನ್ನು ತಿಕ್ಕಿ ಹೊಳೆಯಿಸಿದ. ಬಿಟ್ಟುಕೊಡುವುದಾದರೆ ಕೊಳಕಾಗಿ ಬಿಟ್ಟುಕೊಡುವವನಲ್ಲ ಅವನು. ನಾಲ್ಕನೆಯ ಬೆಳಗ್ಗೆ ಬೋ ಕಾಗದ ಹಿಡಿದು ಬಂದು ಗಟ್ಟಿಯಾಗಿ ಓದಿದ: "ಬೇರೆ ಚುಕ್ಕಾಣಿಯವನು ಸಿಕ್ಕ ಕೂಡಲೇ ಬದಲಾಯಿಸತಕ್ಕದ್ದು. ಸದ್ಯ ಯಾರೂ ಇಲ್ಲ. ಸಿಗುವವರೆಗೆ ಅಧಿಕಾರಿ ಖುದ್ದು ಪಕ್ಕದಲ್ಲಿರತಕ್ಕದ್ದು. ಮುಂದಿನ ವಾರ ಇದೇ ಊರಿಗೆ ಮತ್ತೊಮ್ಮೆ ಅಕ್ಕಿ ಸಾಗಿಸತಕ್ಕದ್ದು."

"ಈ ಕವಲಿಗೆ ಬೇರೆಯವನು ಸಿಗ್ತಾನಂತಾ?" ಫೋ ಲೋನ್ ಚಿಂದಿಬಟ್ಟೆ ಮಡಿಸಿಟ್ಟ. "ಹುಡುಕಲಿ ಬಿಡಿ. ನಾನು ಮೂವತ್ತು ವರ್ಷದಿಂದ ನೋಡ್ತಾ ಇದೀನಿ, ಒಬ್ಬನೂ ಕಣ್ಣಿಗೆ ಬಿದ್ದಿಲ್ಲ."

ಲಾಂಚು ಕಟ್ಟೆ ಬಿಟ್ಟಿತು. ಬಾರಿ ಮೂತಿಯಲ್ಲಿ ಗಳ ಊರಿದ. ಬೋ ಬಲಕ್ಕೆ ಬಂದು ನಿಂತು ಗಂಟಲು ಸರಿಮಾಡಿಕೊಂಡ. ಬೆಳಗ್ಗೆ ಸ್ನಾನ ಮಾಡುವಾಗ ಅವನು ಒಂದರಿಂದ ಹತ್ತರವರೆಗೆ ಅಭ್ಯಾಸ ಮಾಡಿದ್ದನ್ನು ಅಡುಗೆಯವನಾಗಲೇ ಊರಿಗೆಲ್ಲ ಸಾರಿದ್ದ.

"ಆರು ಸ್ವಲ್ಪ ಕೆಳಗೆ, ಬೋ," ಅಂದ ಫೋ ಲೋನ್, ಕಣ್ಣು ನೀರಿನ ಮೇಲಿಟ್ಟು. "ಏಳು ಚೆನ್ನಾಗಿ ಬರ್ತಾ ಇದೆ."